ಮೂರನೆಯ ಸಾಲಿನಲ್ಲಿ ಬರೆದದ್ದು

೨೮ ಮೇ ೧೯೬೨, ಸೋಮವಾರ

ಮಗಳು ಜಯಶೀಲಾ ಪಿಯುಸಿ ಪಾಸಾದಳು. ಸೆಕೆಂಡ್ ಕ್ಲಾಸ್. ಪೇಪರಿನಲ್ಲಿ ನಂಬರು ಹುಡುಕೋಣವೆಂದರೆ ಕನ್ನಡಕ ಸಿಗಲಿಲ್ಲ. ಅವಳ ತಾಯಿ ಕಮಲಾದೇವಿ ಇದ್ದಿದ್ದರೆ ಎಲ್ಲಿದೆ ಎಂದು ಹೇಳುತ್ತಿದ್ದಳು ಎಂದು ಬರೆಯಲು ಹೊರಟೆ. ಹೇಳುತ್ತಿರಲಿಲ್ಲ. ಕೊನೆಯ ಎರಡು ವರ್ಷ ಬೆರಳು ಮಾಡಿ ತೋರಿಸುತ್ತಿದ್ದಳು, ಅಷ್ಟೆ. ಗಂಟಲಿನ ತೊಂದರೆ ಎಂದು ಆಫೀಸಿನಲ್ಲೂ ನೆಂಟರಲ್ಲೂ ಹೇಳಿಕೊಂಡು ಬಂದಿದ್ದೇನೆ. ಇಲ್ಲಿಯೂ ಹಾಗೆಯೇ ಇರಲಿ. ಜನವರಿಯಲ್ಲಿ ನ್ಯುಮೋನಿಯಾ ಬಂದು ಆರು ದಿನದಲ್ಲಿ ಹೋದಳು. ನಾಲ್ಕು ತಿಂಗಳಾಯಿತು.

ಡೈರಿ ಬರೆಯುವ ಅಭ್ಯಾಸ ನನಗೆ ಎಂದೂ ಇರಲಿಲ್ಲ. ಬರೆಯುವುದಕ್ಕೆ ಏನು ಉಳಿಯುತ್ತಿತ್ತು? ಸಂಜೆ ಆಫೀಸಿನಿಂದ ಬಂದು ಕೋಟು ಕಳಚುವ ಮೊದಲೇ ಕಮಲಾದೇವಿಯ ಮುಂದೆ ಎಲ್ಲವನ್ನೂ ಸುರಿದುಬಿಡುತ್ತಿದ್ದೆ. ಸೂಪರಿಂಟೆಂಡೆಂಟ್ ಏನೆಂದ, ಯಾವ ಫೈಲು ಎಲ್ಲಿ ಸಿಕ್ಕಿಕೊಂಡಿದೆ, ಯಾರ ಪ್ರಮೋಷನ್ನು ಯಾರು ತಿಂದರು. ಅವಳು ಕಾಫಿ ಸೋಸುತ್ತ ಕೇಳುತ್ತಿದ್ದಳು. ಮಾತು ನಿಲ್ಲಿಸಿದ ಮೇಲೂ ಕೇಳುತ್ತಿದ್ದಳು. ಇಬ್ಬರ ಪಾಲಿನ ಮಾತನ್ನೂ ನಾನೇ ಆಡಿ ಮನೆ ತುಂಬಿಸುತ್ತಿದ್ದೆ ಎಂದು ಹೇಳಬಹುದು. ಈಗ ಆ ಮಾತೆಲ್ಲ ಬಾಯಲ್ಲೇ ಹುಳಿಯಾಗುತ್ತಿದೆ. ಅದಕ್ಕೇ ಈ ನೋಟ್‌ಬುಕ್ಕು.

ವಿಷಯಕ್ಕೆ ಬರೋಣ. ಜಯಾಳನ್ನು ಬಿ.ಎ.ಗೆ ಸೇರಿಸಬೇಕು. ಜಯನಗರ ಮೂರನೇ ಬ್ಲಾಕಿನಲ್ಲಿ ಈಗ ಯಾರ ಮನೆಗೆ ಹೋದರೂ ಇದೇ ಮಾತು. ಯಾವ ಕಾಂಬಿನೇಷನ್? ಎಲ್ಲರ ಉತ್ತರವೂ ಒಂದೇ: ಹಿಸ್ಟರಿ, ಎಕನಾಮಿಕ್ಸ್, ಪಾಲಿಟಿಕ್ಸ್. ಎಚ್.ಇ.ಪಿ. ಎಂದು ಔಷಧಿಯ ಹೆಸರಿನಂತೆ ಕರೆಯುತ್ತಾರೆ. ಇದನ್ನು ಓದಿದರೆ ಬಿ.ಇಡಿ. ಮಾಡಿ ಹೈಸ್ಕೂಲು ಮೇಡಂ ಆಗಬಹುದು. ಲಾ ಓದಬಹುದು. ಬ್ಯಾಂಕು, ಇನ್ಶೂರೆನ್ಸು, ಸರ್ಕಾರಿ ಕಚೇರಿ. ಪಂಚವಾರ್ಷಿಕ ಯೋಜನೆ ನಡೆಯುತ್ತಿರುವ ತನಕ ಎಕನಾಮಿಕ್ಸಿಗೆ ಅನ್ನ ತಪ್ಪದು ಎಂದು ಎದುರು ಮನೆಯವರು ಹೇಳುತ್ತಾರೆ. ಇನ್ನು ಏನೂ ಆಗದಿದ್ದರೆ ಗ್ರಾಜುಯೇಟ್ ಹುಡುಗಿ ಎಂದು ಗಂಡು ಹುಡುಕುವುದಂತೂ ಸಲೀಸು. ನಾನು ಇಂಟರ್ಮೀಡಿಯೆಟ್‌ನಲ್ಲಿ ಹಿಸ್ಟರಿ, ಲಾಜಿಕ್ ಓದಿದವನು. ಇಂಗ್ಲಿಷಿನಲ್ಲಿ ಎರಡು ಸಲ ಮುಗ್ಗರಿಸಿ ಗುಮಾಸ್ತನಾದೆ. ನಮ್ಮ ಇಂಗ್ಲಿಷ್ ಪ್ರೊಫೆಸರು ಒಮ್ಮೆ ಕ್ಲಾಸಿನಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿ, ‘ಮಿಸ್ಟರ್ ಶಾಂತವೀರಪ್ಪ, ಯು ಹ್ಯಾವ್ ಮೆನಿ ವರ್ಡ್ಸ್, ಬಟ್’ ಎಂದಿದ್ದರು. ಬಟ್ ಆದಮೇಲೆ ಏನೆಂದರೋ ಮೂವತ್ತು ವರ್ಷದಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ.

೩೧ ಮೇ, ಗುರುವಾರ

ಜಯಾ ಕಾಲೇಜಿಗೆ ಹೋಗಿ ಅರ್ಜಿಯನ್ನೂ ಪ್ರಾಸ್ಪೆಕ್ಟಸ್ಸನ್ನೂ ತಂದಳು. ನಾನು ಎಚ್.ಇ.ಪಿ. ಬಗ್ಗೆ ಎಲ್ಲವನ್ನೂ ವಿವರಿಸಿದೆ. ಅವಳು ನೆನೆಸಿದ ಅವರೆಕಾಳು ಹಿಸುಕುತ್ತ ಕೇಳಿದಳು. ನಾನು ನೀರು ಕುಡಿಯಲು ನಿಲ್ಲಿಸಿದಾಗ ಹೇಳಿದಳು:

“ಅಪ್ಪಾ, ನಾನು ಸೈಕಾಲಜಿ ತಗೋತೀನಿ.”

“ಏನದು?”

“ಮನಸ್ಸಿನ ಬಗ್ಗೆ. ಸೈಕಾಲಜಿ, ಫಿಲಾಸಫಿ, ಸೋಷಿಯಾಲಜಿ, ಮೂರೂ ಒಂದೇ ಗ್ರೂಪು. ಬಿ.ಎ. ಆದ್ಮೇಲೆ ಎಂ.ಎ. ಮಾಡ್ಬೇಕು. ಆಮೇಲೆ ಆಸ್ಪತ್ರೇಲೇ ಡಿಪ್ಲೊಮಾ ಇದೆ.”

“ಯಾವ ಆಸ್ಪತ್ರೇಲಿ?”

“ಹೊಸೂರ್ ರೋಡ್ದು.”

ನಾನು ಕಿಟಕಿ ಮುಚ್ಚಿದೆ. ಮುಚ್ಚುವ ಅಗತ್ಯವಿರಲಿಲ್ಲ, ಪಕ್ಕದ ಸೈಟು ಖಾಲಿ. ಕೈ ತಾನಾಗಿ ಹೋಯಿತು.

ಇಲ್ಲಿ ಬರೆಯಲೇಬೇಕು, ಇಲ್ಲದಿದ್ದರೆ ಮುಂದಿನದು ಬರೆಯಲಾಗುವುದಿಲ್ಲ. ಕಮಲಾದೇವಿಯನ್ನು ಆ ಆಸ್ಪತ್ರೆಗೆ ಕಳಿಸುತ್ತಿದ್ದೆವು. ಹುಚ್ಚಾಸ್ಪತ್ರೆ ಎಂದು ಜನ ಅನ್ನುತ್ತಾರಲ್ಲ, ಅದೇ. ಸೋಮವಾರ, ಗುರುವಾರ ಜಯಾ ಸಂಜೆ ಸ್ಕೂಲೋ ಕಾಲೇಜೋ ಬಿಟ್ಟ ಮೇಲೆ ತಾಯಿಯ ಕೈ ಹಿಡಿದುಕೊಂಡು ಸಿದ್ದಾಪುರದ ಮೇಲೆ ನಡೆಸಿಕೊಂಡು ಹೋಗಿ ಬರುತ್ತಿದ್ದಳು. ನನಗೆ ಆಫೀಸು. ಒಂದು ಸಲ ಮಾತ್ರ ನಾನೂ ಹೋಗಿದ್ದೆ. ಡಾಕ್ಟರಿಗೆ ಎಲ್ಲ ವಿವರ ಹೇಳಿ ಬಂದಿದ್ದೆ.

“ಅದು ಓದಿದ್ರೆ ಜನ ಏನಂತಾರೆ ಗೊತ್ತಾ? ಇವಳಿಗ್ಯಾಕೆ ಈ ವಿದ್ಯೆ, ಮನೇಲಿ ಏನೋ ಇರ್ಬೇಕು ಅಂತಾರೆ. ನಾಳೆ ಗಂಡಿನ ಕಡೆಯವರು...” ಎಂದು ಶುರು ಮಾಡಿದೆ. ಶುರು ಮಾಡಿದೆನೇ ಹೊರತು ಎಲ್ಲಿ ಮುಗಿಸಿದೆನೋ ತಿಳಿಯದು. ಮುಗಿದಾಗ ಕಾಳು ಹಿಸುಕಿ ಆಗಿತ್ತು.

“ಅಪ್ಪಾ, ಇದೊಂದು ಕೇಳ್ತಿದ್ದೀನಿ” ಎಂದಳು. “ಬೇರೆ ಏನೂ ಕೇಳಲ್ಲ.”

೨ ಜೂನ್, ಶನಿವಾರ

ಕಮಲಾದೇವಿಯ ತಮ್ಮ ಗೌರೀಶಂಕರ ದಾವಣಗೆರೆಯಿಂದ ಬಂದಿದ್ದ. ಚಿಕ್ಕಪೇಟೆಗೆ ಬಟ್ಟೆ ಖರೀದಿಗೆ ಬಂದವನು ಅಕ್ಕನ ಮನೆಗೆ ಬರದೆ ಹೋಗುವುದಿಲ್ಲ. ಜಯಾ ಸೈಕಾಲಜಿ ಎಂದದ್ದಕ್ಕೆ ಹೊಟ್ಟೆ ಹಿಡಿದು ನಕ್ಕ.

“ಅಲ್ಲಮ್ಮ, ಹುಚ್ಚರ ಜೊತೆ ಕೂರೋಕೆ ಡಿಗ್ರಿ ಯಾಕೆ? ನಿಮ್ಮಪ್ಪನ ಆಫೀಸಿಗೆ ಹೋಗಿ ಕೂತ್ಕೊ. ಅಲ್ಲಿ ಇನ್ನೂ ಹೆಚ್ಚು ಜನ ಸಿಗ್ತಾರೆ.”

ನಾನೂ ನಕ್ಕೆ. ಜಯಾ ನಗಲಿಲ್ಲ. “ಮಾವ, ಉಪ್ಪಿಟ್ಟು ಇನ್ನೊಂಚೂರು ಹಾಕ್ಲಾ?” ಎಂದು ಕೇಳಿ, ಅವನು ಬೇಡ ಅಂದರೂ ತಟ್ಟೆ ತುಂಬ ಬಡಿಸಿ ಒಳಗೆ ಹೋದಳು.

ಹೊರಡುವಾಗ ಗೌರೀಶಂಕರ ಜಗುಲಿಯಲ್ಲಿ ದನಿ ತಗ್ಗಿಸಿದ. ಅವನ ಅಂಗಡಿಯ ಪಕ್ಕದ ಬಟ್ಟೆ ವ್ಯಾಪಾರಿಗಳ ಮನೆ. ಒಬ್ಬನೇ ಮಗ. ಬಿ.ಎ. ಓದುತ್ತಿರುವ ಹುಡುಗಿಯಾದರೆ ಇಷ್ಟ, ಓದಿ ಮುಗಿಸಿದವಳಾದರೆ ಅಷ್ಟು ಇಷ್ಟವಿಲ್ಲ.

“ಯಾವುದಕ್ಕಾದ್ರೂ ಸೇರ್ಸಿ ಭಾವ, ಆ ಮನಸ್ಸುಗಿನಸ್ಸು ಮಾತ್ರ ಬೇಡ. ಅಕ್ಕಂದು ಗಂಟಲು ಅಂತ ಹೇಳಿದ್ದೀನಿ. ನಾಳೆ ಯಾರಾದ್ರೂ ಬೆದಕಿದ್ರೆ?”

ಅವನಿಗೂ ಗಂಟಲು ಎಂದೇ ಹೇಳಿದ್ದೆ. ಅವನು ನಂಬಿದ್ದನೋ, ನಂಬಿದವನಂತೆ ಇದ್ದನೋ ಇವತ್ತಿನವರೆಗೂ ತಿಳಿಯದು.

೪ ಜೂನ್, ಸೋಮವಾರ

ರಜೆ ಹಾಕಿ ಅರ್ಜಿ ತುಂಬಿದೆ. ಇಂಗ್ಲಿಷ್ ಅರ್ಜಿ, ಪೋಷಕರೇ ತುಂಬಿ ಸಹಿ ಮಾಡಬೇಕೆಂದು ಮೇಲೆ ಅಚ್ಚಾಗಿದೆ. ನಾಮಧೇಯ, ಮತ, ತಂದೆಯ ಉದ್ಯೋಗ. ಕೆಳಗೆ ಆಪ್ಷನಲ್ಸ್ ಎಂದು ಮೂರು ಸಾಲು: ಮೊದಲನೆಯ ಆಯ್ಕೆ, ಎರಡನೆಯದು, ಮೂರನೆಯದು. ಇಲ್ಲಿ ನಾನು ನನ್ನ ಮೂವತ್ತು ವರ್ಷದ ಸರ್ವಿಸನ್ನು ಉಪಯೋಗಿಸಿದೆ.

ನಮ್ಮ ಇಲಾಖೆಯಲ್ಲಿ ವರ್ಗಾವಣೆಗೆ ಅರ್ಜಿ ಹಾಕುವಾಗಲೂ ಹೀಗೆಯೇ ಮೂರು ಊರು ಕೇಳುತ್ತಾರೆ. ಹೊಸಬರು ಬೇಕಾದ ಊರನ್ನು ಮೊದಲು ಬರೆದು ಕೆಡುತ್ತಾರೆ. ಕೇಳಿದ್ದನ್ನು ಕೇಳಿದ ಕೂಡಲೇ ಕೊಟ್ಟರೆ ಮೇಲಿನವರ ದೊಡ್ಡಸ್ತಿಕೆ ಎಲ್ಲಿ ಉಳಿಯಿತು? ಮೊದಲನೆಯದನ್ನು ಹೊಡೆದುಹಾಕುತ್ತಾರೆ, ಎರಡನೆಯದರಲ್ಲಿ ಯಾರದೋ ಶಿಫಾರಸು ಇರುತ್ತದೆ, ಕೊನೆಗೆ ಮೂರನೆಯದನ್ನು ಕೊಟ್ಟು ಉಪಕಾರ ಮಾಡಿದಂತೆ ಇರುತ್ತಾರೆ. ಬಲ್ಲವರು ಬೇಕಾದ್ದನ್ನು ಮೂರನೆಯದಾಗಿಯೇ ಬರೆಯುವುದು. ನಾನು ತಿಪಟೂರಿನಿಂದ ಬೆಂಗಳೂರಿಗೆ ಬಂದದ್ದು ಹಾಗೆಯೇ. ಮೊದಲು ಶಿವಮೊಗ್ಗ, ಆಮೇಲೆ ಹಾಸನ, ಕೊನೆಗೆ ಬೆಂಗಳೂರು ಎಂದು ಬರೆದಿದ್ದೆ.

ಆದ್ದರಿಂದ ಮೊದಲನೆಯ ಸಾಲಿನಲ್ಲಿ ಎಚ್.ಇ.ಪಿ., ಎರಡನೆಯದರಲ್ಲಿ ಆಪ್ಷನಲ್ ಕನ್ನಡದ ಗ್ರೂಪು, ಮೂರನೆಯ ಸಾಲಿನಲ್ಲಿ ಸೈಕಾಲಜಿ. ಮಗಳು ಕೇಳಿದ್ದಾಳೆ, ತಾಯಿಯಿಲ್ಲದ ಹುಡುಗಿ, ಕೊಡಿಸಿಯೇಬಿಡೋಣ ಎಂದು ಮನಸ್ಸು ಮಾಡಿದೆ. ಅಕ್ಷರ ದುಂಡಗೆ ಬಂದಿದೆ.

ಜಯಾ ನೋಡಲು ಬಂದಳು. “ಸರಿಯಾಗಿ ಬರೆದಿದ್ದೀನಿ, ಇದರಲ್ಲೆಲ್ಲ ಒಂದು ಮೆಥಡ್ ಇದೆ, ನಿನಗೆ ಗೊತ್ತಾಗಲ್ಲ” ಎಂದು ಕವರಿಗೆ ಹಾಕಿ ಅಂಟಿಸಿದೆ.

೬ ಜೂನ್, ಬುಧವಾರ

ಅರ್ಜಿ ಕೊಟ್ಟಾಯಿತು. ಕಾಲೇಜಿನ ಗುಮಾಸ್ತ ವೆಂಕಟಾಚಲ ಎಂಬವನು ಸೀಲು ಒತ್ತಿ ರಸೀತಿ ಕೊಟ್ಟ. ಸಂಜೆ ಜಯಾ ಹಾಡು ಗುನುಗುತ್ತಿದ್ದಳು. ತಾಯಿ ಹೋದಮೇಲೆ ಮೊದಲ ಸಲ.

೧೫ ಜೂನ್, ಶುಕ್ರವಾರ

ಪಟ್ಟಿ ಹಾಕಿದರು. ಎಂ.ಎಸ್. ಜಯಶೀಲಾ: ಹಿಸ್ಟರಿ, ಎಕನಾಮಿಕ್ಸ್, ಪಾಲಿಟಿಕ್ಸ್.

ನೋಟಿಸ್ ಬೋರ್ಡಿನ ಮುಂದೆ ಹುಡುಗಿಯರ ನೂಕುನುಗ್ಗಲು. ಜಯಾ ಪಟ್ಟಿಯನ್ನು ಬೆರಳಿಟ್ಟು ಓದಿದಳು. ಮತ್ತೆ ಓದಿದಳು. ಸೈಕಾಲಜಿಯ ಇಪ್ಪತ್ತನಾಲ್ಕು ಹೆಸರುಗಳನ್ನೂ ಮೇಲಿಂದ ಕೆಳಗಿನವರೆಗೆ ಓದಿ, ಬೆರಳು ತೆಗೆದಳು. ದಾರಿಯಲ್ಲಿ ನಾನು ಸಮಾಧಾನ ಹೇಳುತ್ತ ಬಂದೆ. ಮ್ಯಾನ್ ಪ್ರಪೋಸಸ್ ಎಂದೆ. ಮುಂದಿನದು ಏನೋ ಡಿಸ್ಪೋಸಸ್, ಯಾರು ಡಿಸ್ಪೋಸಸ್ ಎಂದು ಆ ಹೊತ್ತಿಗೆ ಹೊಳೆಯಲಿಲ್ಲ.

೧೬ ಜೂನ್, ಶನಿವಾರ

ಕಾಲೇಜಿಗೆ ಹೋಗಿ ವೆಂಕಟಾಚಲನನ್ನು ಹಿಡಿದೆ. ನನ್ನ ಮಗಳ ಮಾರ್ಕ್ಸು ಸಾಲಲಿಲ್ಲವೇ ಎಂದು ಕೇಳಿದೆ. ಅವನು ಅರ್ಜಿಯ ಕಟ್ಟು ಬಿಚ್ಚಿದ.

“ಇವರ ಮಾರ್ಕ್ಸು ಐವತ್ತೆಂಟು ಸಾರ್. ಸೈಕಾಲಜಿಲಿ ಕೊನೇ ಹುಡುಗೀದು ಐವತ್ತೊಂದು. ಕೇಳಿದ್ರೆ ಸಿಗ್ತಿತ್ತು.”

“ಕೇಳಿದ್ದೆನಲ್ಲಪ್ಪ.”

“ಎಲ್ಲಿ ಸಾರ್? ಮೂರನೇದಾಗಿ ಬರ್ದಿದ್ದೀರಿ. ಫಸ್ಟ್ ಚಾಯ್ಸ್ ಎಚ್.ಇ.ಪಿ. ಬರ್ದಿದ್ದೀರಿ, ಅದನ್ನೇ ಕೊಟ್ಟಿದ್ದಾರೆ. ಎಚ್.ಇ.ಪಿ.ಗೆ ಮೂರು ಸೆಕ್ಷನ್ ಇದೆ, ಕೇಳಿದೋರಿಗೆಲ್ಲ ಕೊಡ್ತಾರೆ.”

ಇಲಾಖೆಯ ಪದ್ಧತಿಯನ್ನು ಅವನಿಗೆ ವಿವರಿಸಿದೆ. ಅವನು ಪೆನ್ನಿನ ಕ್ಯಾಪು ಹಾಕಿ ನನ್ನನ್ನೇ ನೋಡಿದ.

“ಇಲ್ಲಿ ಯಾರೂ ಯಾರಿಗೂ ಟ್ರಾನ್ಸ್‌ಫರ್ ಕೊಡಲ್ಲ ಸಾರ್. ಇದು ಕಾಲೇಜು. ಏನು ಬೇಕೋ ಅದನ್ನ ಬರೀಬೇಕು.”

ಮನೆಗೆ ಬಂದು ಜಯಾಳಿಗೆ ಹೇಳಿದೆ. ಹೇಳದೆ ಇರಬಹುದಿತ್ತು. ಮಾರ್ಕ್ಸು ಸಾಲಲಿಲ್ಲ ಎಂದು ಬಿಟ್ಟುಬಿಡಬಹುದಿತ್ತು. ನಿನ್ನ ಒಳ್ಳೆಯದಕ್ಕೇ ಮಾಡಿದೆ ಎಂದೆ, ಅದು ನಿಜ. ಮೂರನೆಯದು ಸಿಗದೆ ಹೋದರೂ ನಷ್ಟವಿಲ್ಲ ಎಂದು ಬರೆಯುವಾಗ ಒಳಗೆ ಎಲ್ಲೋ ಅಂದುಕೊಂಡಿದ್ದೆನೇ? ಇಲ್ಲ. ಅಂದುಕೊಂಡಿರಲಿಲ್ಲ. ಗೌರೀಶಂಕರ ಹೇಳಿದ್ದು ತಲೆಯಲ್ಲಿತ್ತು, ಅದು ಬೇರೆ.

ಅವಳು ಕೇಳಿದ್ದು ಒಂದೇ. “ಕವರ್ ಅಂಟಿಸೋಕೆ ಮುಂಚೆ ನಂಗೆ ಯಾಕೆ ತೋರಿಸ್ಲಿಲ್ಲ?”

೧೮ ಜೂನ್, ಸೋಮವಾರ

ಜಯಾ ಮಾತಾಡುತ್ತಿಲ್ಲ.

ಸಿಟ್ಟಿಲ್ಲ, ಅಳುವಿಲ್ಲ. ಹೊತ್ತಿಗೆ ಸರಿಯಾಗಿ ಅಡುಗೆ, ಬಟ್ಟೆ, ಪೂಜೆಗೆ ಹೂವು. ಕೇಳಿದರೆ ಹೂಂ, ಉಹೂಂ. ಇವತ್ತು ಬೆಳಿಗ್ಗೆ ನನ್ನ ಕೊಡೆ ಎಲ್ಲಿದೆ ಎಂದು ಕೇಳಿದೆ. ಬೆರಳು ಮಾಡಿ ತೋರಿಸಿದಳು.

ಕೊಡೆ ತೆಗೆದುಕೊಳ್ಳದೆಯೇ ಆಫೀಸಿಗೆ ಹೋದೆ.

೧೯ ಜೂನ್, ಮಂಗಳವಾರ

ಹಾಲಿನ ಮುನಿವೆಂಕಟಮ್ಮ ಯಡಿಯೂರಿನವಳು. ಈ ಬ್ಲಾಕು ಅವರ ಹೊಲವಾಗಿದ್ದಾಗ ನಮ್ಮ ಮನೆ ಇರುವ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದಳಂತೆ. ಹೀಗಾಗಿ ಇಲ್ಲಿನ ಮನೆಗಳ ಒಳಗೆ ಬಂದು ಮಾತಾಡುವ ಹಕ್ಕು ತನಗಿದೆ ಎಂದು ತಿಳಿದಿದ್ದಾಳೆ.

“ಸಾಮಿ, ಮಗ ಮಂಕಾಗವ್ಳೆ. ಅವ್ರವ್ವನೂ ಇಂಗೇ ಸುರು ಮಾಡಿದ್ರು, ಗೆಪ್ತಿ ಐತಾ? ಮೊದ್ಲು ಮಾತು ಕಮ್ಮಿ ಆಯ್ತು, ಆಮ್ಯಾಕೆ ನಿಂತೇ ಓಯ್ತು.”

“ಅವಳಿಗೆ ಗಂಟಲು ಕಣಮ್ಮ” ಎಂದೆ.

“ಆ ಗಂಟ್ಲ ಕತೆ ನಂಗೇಳ್ಬ್ಯಾಡಿ” ಎಂದು ಪಾವು ಎತ್ತಿಕೊಂಡು ಹೋದಳು. ಬೀದಿಗೆಲ್ಲ ಗೊತ್ತಿತ್ತೋ ಏನೋ. ಎರಡು ವರ್ಷ ಕಿಟಕಿ ಮುಚ್ಚಿದ್ದು ದಂಡ.

ಗ್ರೂಪು ಬದಲಾಯಿಸಲು ಇಪ್ಪತ್ತೈದನೇ ತಾರೀಕಿನವರೆಗೆ ಅವಕಾಶವಿದೆ ಎಂದು ವೆಂಕಟಾಚಲ ಹೇಳಿದ್ದ. ಆ ವಿಭಾಗದ ಮುಖ್ಯಸ್ಥೆ ಒಪ್ಪಬೇಕು, ಸೀಟು ಖಾಲಿಯಾಗಬೇಕು. ನಾಳೆ ಹೋಗುತ್ತೇವೆ.

೨೦ ಜೂನ್, ಬುಧವಾರ

ಮುಖ್ಯಸ್ಥೆಯ ಹೆಸರು ಮಿಸ್ ಸರ್ವಮಂಗಳಾ. ನಲವತ್ತರ ಆಸುಪಾಸು, ಕೈಮಗ್ಗದ ಸೀರೆ, ದಪ್ಪ ಕನ್ನಡಕ. ಅವರ ಕೋಣೆಯ ಪಕ್ಕದಲ್ಲೇ ಲ್ಯಾಬು. ಸೈಕಾಲಜಿಗೆ ಲ್ಯಾಬು ಇರುತ್ತದೆಂದು ನನಗೆ ತಿಳಿದಿರಲಿಲ್ಲ. ಮರದ ಪೆಟ್ಟಿಗೆಗಳು, ಗಡಿಯಾರದಂಥವು, ಇಪ್ಪತ್ತನಾಲ್ಕು ಸ್ಟೂಲುಗಳು. ಅದಕ್ಕೇ ಸೀಟೂ ಅಷ್ಟೇ.

ನಾನು ಮೊದಲಿನಿಂದ ಹೇಳಿದೆ. ವರ್ಗಾವಣೆಯ ಪದ್ಧತಿ, ತಿಪಟೂರು, ಹಾಸನ. ನನ್ನ ಇಂಟರ್ಮೀಡಿಯೆಟ್ಟು. ಹುಡುಗಿಗೆ ತಾಯಿಯಿಲ್ಲ, ಇದ್ದಾಗ ಗಂಟಲಿನ ತೊಂದರೆಯಿತ್ತು ಎಂದೂ ಹೇಳಿದೆ. ಜಯಾ ತಲೆಯೆತ್ತಿ ನನ್ನನ್ನು ನೋಡಿ ಮತ್ತೆ ತಗ್ಗಿಸಿದಳು.

“ಹುಡುಗಿ ಯಾಕೆ ಈ ಸಬ್ಜೆಕ್ಟು ಬೇಕು ಅಂತಾಳೆ?” ಎಂದರು ಮಿಸ್ ಸರ್ವಮಂಗಳಾ.

“ಮೇಡಂ, ಅವಳಿಗೆ ಚಿಕ್ಕಂದಿನಿಂದ್ಲೂ...”

“ಹುಡುಗಿ ಹೇಳ್ಲಿ.”

“ಸ್ವಲ್ಪ ಸಂಕೋಚ ಮೇಡಂ ಅವಳಿಗೆ. ನಾನೇ...”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೀವು ಇಪ್ಪತ್ತು ನಿಮಿಷದಿಂದ ಮಾತಾಡ್ತಿದ್ದೀರಿ. ತಪ್ಪೇನಿಲ್ಲ. ಹೊರಗಡೆ ಬೆಂಚಿದೆ, ದಯವಿಟ್ಟು ಕೂತಿರಿ.”

ಹೊರಗೆ ಬಂದು ಬೆಂಚಿನ ಮೇಲೆ ಕುಳಿತೆ. ಸರ್ಕಾರಿ ನೌಕರನನ್ನು ಹೀಗೆ ಎಬ್ಬಿಸಿ ಕಳಿಸುವುದೆಂದರೆ! ಬಾಗಿಲು ಮುಚ್ಚಿತ್ತು. ಒಂದೆರಡು ನಿಮಿಷ ಏನೂ ಇಲ್ಲ. ಆಮೇಲೆ ಜಯಾಳ ದನಿ. ಮಾತು ತಿಳಿಯುತ್ತಿರಲಿಲ್ಲ, ದನಿ ಮಾತ್ರ. ನಿಲ್ಲುತ್ತಿತ್ತು, ಮತ್ತೆ ಹೊರಡುತ್ತಿತ್ತು. ಮಧ್ಯೆ ಮಿಸ್ ಸರ್ವಮಂಗಳಾ ಅವರ ದನಿ ಒಮ್ಮೆಯೂ ಕೇಳಲಿಲ್ಲ. ಬೆಲ್ಲು ಹೊಡೆಯಿತು, ಹುಡುಗಿಯರು ಒಂದು ಕ್ಲಾಸಿನಿಂದ ಇನ್ನೊಂದಕ್ಕೆ ಹೋದರು, ದನಿ ಇನ್ನೂ ಬರುತ್ತಲೇ ಇತ್ತು. ನನ್ನ ಮಗಳು ಇಷ್ಟು ಹೊತ್ತು ಒಂದೇ ಸಮ ಮಾತಾಡಿದ್ದನ್ನು ನಾನು ಎಂದಾದರೂ ಕೇಳಿದ್ದೇನೆಯೇ ಎಂದು ಯೋಚಿಸಿದೆ. ಇಷ್ಟೊಂದು ಹೇಳುವುದು ಏನಿರುತ್ತದೆ ಹದಿನೇಳು ವರ್ಷದ ಹುಡುಗಿಗೆ?

ನನ್ನನ್ನು ಒಳಗೆ ಕರೆದಾಗ ಮಿಸ್ ಸರ್ವಮಂಗಳಾ ಮೊದಲಿನಷ್ಟು ಬಿಗಿಯಾಗಿರಲಿಲ್ಲ.

“ಸೀಟು ತುಂಬಿದೆ. ಒಬ್ಬ ಹುಡುಗಿಯ ತಂದೆಗೆ ಬೇರೆ ಊರಿಗೆ ವರ್ಗ ಆಗೋ ಹಾಗಿದೆ. ಹಾಗೆ ಆದ್ರೆ ಆ ಸೀಟು ನಿಮ್ಮ ಮಗಳಿಗೇ ಮೊದಲು. ಆಗದಿದ್ರೆ ಈ ವರ್ಷ ನನ್ನ ಕೈಲಿಲ್ಲ. ಒಂದು ವಿಷಯ ತಿಳ್ಕೊಳ್ಳಿ. ಎಚ್.ಇ.ಪಿ. ಮುಗಿಸಿದ ಮೇಲೆ ಈ ಕಡೆ ಬರೋಕಾಗಲ್ಲ. ಬಿ.ಎ.ನಲ್ಲಿ ಸೈಕಾಲಜಿ ಇಲ್ದಿದ್ರೆ ಎಂ.ಎ. ಇಲ್ಲ. ಎಂ.ಎ. ಇಲ್ದಿದ್ರೆ ಆ ಡಿಪ್ಲೊಮಾ ಇಲ್ಲ.”

ವರ್ಗಾವಣೆ ಎಂದ ಕೂಡಲೇ ನನಗೆ ಕೇಳಬೇಕೆನಿಸಿತು, ಆ ತಂದೆ ಯಾವ ಊರನ್ನು ಮೊದಲು ಬರೆದಿದ್ದಾನೆ ಎಂದು. ಕೇಳಲಿಲ್ಲ.

೨೫ ಜೂನ್, ಸೋಮವಾರ

ಆ ಹುಡುಗಿಯ ತಂದೆಗೆ ವರ್ಗ ಆಗಲಿಲ್ಲ. ಸೀಟಿಲ್ಲ.

ಸೌತ್ ಎಂಡಿನವರೆಗೂ ನಡೆದೇ ಬಂದೆವು. ಒಂದು ಮರದ ಕೆಳಗೆ ಜಯಾ ನಿಂತಳು.

“ಅಪ್ಪಾ, ನಾನು ಎಚ್.ಇ.ಪಿ. ಕ್ಲಾಸಿಗೆ ಹೋಗಲ್ಲ. ಒಂದು ವರ್ಷ ಮನೇಲಿರ್ತೀನಿ. ಬರೋ ವರ್ಷ ನಾನೇ ಬರ್ದು ಹಾಕ್ತೀನಿ.”

“ಒಂದು ವರ್ಷ ಸುಮ್ನೆ ಮನೇಲಿ ಅಂದ್ರೆ ನಿಮ್ಮ ಮಾವ ಬಿಡ್ತಾನಾ?”

“ಮಾವನ್ನ ನಾನು ಕೇಳ್ತಿಲ್ಲ. ನಿಮ್ಮನ್ನ ಕೇಳ್ತಿದ್ದೀನಿ. ಒಂದು ವರ್ಷ ನನ್ನ ಮದ್ವೆ ಮಾಡ್ಬೇಡಿ.”

ನಾಲಿಗೆಯ ತುದಿಗೆ ಹತ್ತು ಮಾತು ಬಂದವು. ದಾವಣಗೆರೆಯವರು ಕಾಯುವುದಿಲ್ಲ, ಬರುವ ವರ್ಷ ಸೀಟಿನ ಖಾತ್ರಿಯಿಲ್ಲ, ನಾನು ರಿಟೈರಾಗುತ್ತೇನೆ. ನೋಡೋಣ ಎಂದೆ. ಅವಳು ತಲೆಯಾಡಿಸಿ ಮುಂದೆ ನಡೆದಳು. ಕಮಲಾದೇವಿಗೂ ಎಷ್ಟು ಸಲ ನೋಡೋಣ ಎಂದಿದ್ದೇನೆ.

೨೮ ಜೂನ್, ಗುರುವಾರ

ಗೌರೀಶಂಕರ ಬಂದಿದ್ದ. ಗಂಡಿನ ಕಡೆಯವರು ಬರುವ ಭಾನುವಾರ ಹುಡುಗಿ ನೋಡಲು ಸಿದ್ಧ ಎಂದ. ಎಚ್.ಇ.ಪಿ. ಸಿಕ್ಕಿತಲ್ಲ, ದೇವರು ದೊಡ್ಡವನು ಎಂದ.

“ಕಾಲೇಜಿಗೆ ಹೋಗ್ತಿಲ್ಲ” ಎಂದೆ. “ಬರೋ ವರ್ಷ ಸೈಕಾಲಜಿಗೆ ಹಾಕ್ತಾಳೆ.”

“ಭಾವ, ತಲೆ ಕೆಟ್ಟಿದ್ಯಾ ನಿಮಗೆ? ಅವಳು ಮಗು, ಹಟ ಮಾಡ್ತಾಳೆ. ನೀವು ಹಿರಿಯರು. ಅವರಿಗೆ ನಾನು ಏನಂತ ಹೇಳ್ಲಿ?”

“ನಿಮ್ಮಕ್ಕನಿಗೆ ಗಂಟಲಲ್ಲಿ ಏನೂ ಇರಲಿಲ್ಲ. ಹೊಸೂರು ರಸ್ತೆ ಆಸ್ಪತ್ರೆಗೆ ಎರಡು ವರ್ಷ ಹೋದಳು ಅಂತ ಹೇಳು.”

“ಮೆಲ್ಲಗೆ, ಮೆಲ್ಲಗೆ” ಎಂದು ಎದ್ದು ನಿಂತ. ಕಣ್ಣು ಕೆಂಪಾಗಿತ್ತು. “ನಂಗೂ ಇಬ್ಬರು ಹೆಣ್ಮಕ್ಕಳಿದ್ದಾರೆ ಭಾವ. ಅದನ್ನಾದ್ರೂ ಯೋಚನೆ ಮಾಡ್ಬಾರ್ದಾ?”

ಕಾಫಿ ಮುಟ್ಟದೆ ಹೋದ. ಇನ್ನು ಅವನು ಈ ಮನೆಗೆ ಬರಲಾರ. ಕಮಲಾದೇವಿಯ ಮುಖವೇ ಅವನದು, ಅದೇ ಹುಬ್ಬು. ಇನ್ನು ಅದನ್ನೂ ನೋಡುವಂತಿಲ್ಲ.

ಜಯಾ ಒಳಗಿನಿಂದ ಕೇಳಿಸಿಕೊಂಡಿದ್ದಳು. ಬಂದು ಲೋಟ ತೆಗೆದುಕೊಂಡು ಹೋದಳು.

೧ ಜುಲೈ, ಭಾನುವಾರ

ಮಧ್ಯಾಹ್ನ ಊಟವಾದ ಮೇಲೆ ಜಯಾ ಅಕ್ಕಿ ಆರಿಸುತ್ತಿದ್ದಳು. ಮೊರದ ಆ ಕಡೆ ಕುಳಿತೆ.

“ಆ ಮೇಡಂ ಹತ್ರ ಅವತ್ತು ಏನು ಹೇಳ್ದೆ?” ಎಂದು ಕೇಳಿದೆ.

ಕಲ್ಲು ಆರಿಸಿ ಆರಿಸಿ ಒಂದು ಕಡೆ ಇಡುತ್ತಿದ್ದಳು. ನಾನೂ ಎರಡು ಕಲ್ಲು ಆರಿಸಿದೆ.

“ಅಮ್ಮ ಮಾತಾಡ್ತಿದ್ಲು ಅಪ್ಪಾ” ಎಂದಳು.

ನಾನು ಅವಳ ಮುಖ ನೋಡಿದೆ.

“ಆಸ್ಪತ್ರೆಗೆ ಹೋಗೋವಾಗ, ಬರೋವಾಗ. ಸಿದ್ದಾಪುರ ದಾಟಿದ ಮೇಲೆ ಶುರು ಮಾಡೋಳು. ಮೊದಲನೇ ಸಲ ಆಸ್ಪತ್ರೇಲಿ ಒಬ್ಬರು ಮೇಡಂ ಅಮ್ಮನ ಎದುರಿಗೆ ಕೂತ್ಕೊಂಡ್ರು. ಏನೂ ಕೇಳ್ಲಿಲ್ಲ ಅಪ್ಪಾ. ಸುಮ್ನೆ ಕೂತಿದ್ರು, ಅರ್ಧ ಗಂಟೆ. ಎದ್ದು ಬರೋ ಹೊತ್ತಿಗೆ ಅಮ್ಮ ಒಂದು ಮಾತಾಡಿದ್ಲು. ಇಲ್ಲಿ ಗಾಳಿ ಚೆನ್ನಾಗಿದೆ, ಅಂತ. ನಂಗೆ ಎಷ್ಟು ಆಶ್ಚರ್ಯ ಆಯ್ತು ಗೊತ್ತಾ? ಇದಕ್ಕೂ ಒಂದು ಓದು ಇದೆ ಅಂತ ಅವತ್ತು ಗೊತ್ತಾಯ್ತು. ಕಾಲೇಜಿನ ಮೇಡಂಗೆ ಇದನ್ನೇ ಹೇಳ್ದೆ.”

“ನಂಗೆ ಯಾಕೆ...” ಎಂದೆ. ಅಷ್ಟರಲ್ಲೇ ನಿಲ್ಲಿಸಿದೆ.

“ಹೇಳ್ಬೇಡ ಅಂತ ಅಮ್ಮ ಆಣೆ ಹಾಕಿಸ್ಕೊಂಡಿದ್ಲು. ಅಪ್ಪನ ಹತ್ರಾನೂ ಮಾತಾಡಮ್ಮ, ಪಾಪ ಅಪ್ಪ, ಅಂತ ನಾನು ಅಂತಿದ್ದೆ. ಅದಕ್ಕೆ ಅಮ್ಮ...” ಜಯಾ ಮೊರವನ್ನು ಕೆಳಗಿಟ್ಟಳು. “‘ಅವ್ರು ಮುಗಿಸ್ಲಿ ಅಂತ ಕಾಯ್ತಾ ಇದ್ದೀನಿ ಕಣೆ’ ಅಂತಿದ್ಲು.”

ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದರು. ನಾನು ಬಾಯಿ ತೆರೆದೆ. ಹೇಳುವುದಕ್ಕೆ ಇತ್ತು. ಆಫೀಸಿನ ತಾಪತ್ರಯ, ಮೌನ ಕಂಡರೆ ನನಗೆ ಆಗುತ್ತಿದ್ದ ಭಯ, ಅವಳಿಗಾಗಿಯೇ ಎರಡು ಪಾಲು ಮಾತಾಡುತ್ತಿದ್ದುದು. ಎಲ್ಲವೂ ನಿಜವೇ. ಬಾಯಿ ಮುಚ್ಚಿಕೊಂಡೆ.

ತುಂಬ ಹೊತ್ತಾದ ಮೇಲೆ ಕೇಳಿದೆ. “ಇನ್ನೇನು ಹೇಳ್ತಿದ್ಲು?”

ಜಯಾ ಹೇಳಿದಳು. ಅಕ್ಕಿ ಮುಗಿಯಿತು, ಬಿಸಿಲು ಜಗುಲಿಯಿಂದ ಇಳಿದು ಹೋಯಿತು, ಅವಳು ಹೇಳುತ್ತಲೇ ಇದ್ದಳು. ಒಮ್ಮೆ ನಕ್ಕಳು, ಎರಡು ಸಲ ಸೆರಗಿನಿಂದ ಮೂಗು ಒರೆಸಿಕೊಂಡಳು.

ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಕಮಲಾದೇವಿ ಅದನ್ನು ನನಗೆ ಹೇಳಿದ್ದಲ್ಲ.